ಸುಭದ್ರಾಬಾಯಿ ಬೈಯದ ಹದಿನೈದು ದಿನ

ಆ ಮನುಷ್ಯ ದವಾಖಾನೆಯ ಬೆಂಚಿನ ತುದಿಗೆ ಕೂತ ಕೂಡಲೇ ನರ್ಸ್ ಸುಭದ್ರಾಬಾಯಿಗೆ ಖಾತ್ರಿಯಾಯಿತು. ಇವನೇ. ಗುಲಬರ್ಗಾದಿಂದ ವೇಷ ಹಾಕಿಕೊಂಡು ಬಂದ ಪರೀಕ್ಷಕ ಇವನೇ.

ವೇಷವೇನೋ ಚೆನ್ನಾಗಿತ್ತು. ವಾರದ ಗಡ್ಡ, ಹೊಲಸು ಪೈಜಾಮ, ಎಡತೋಳಿಗೆ ಸುತ್ತಿದ ಹಸಿರು ಚೌಕಡಿ ಬಟ್ಟೆಯ ಚಿಂದಿ. ಕಣ್ಣು ಮಾತ್ರ ಬಾಗಿಲು, ಸೂಜಿ ಕುದಿಸುವ ಪಾತ್ರೆ, ಅವಳ ಮುಖ, ಎಲ್ಲವನ್ನೂ ಅಳೆಯುತ್ತಿತ್ತು. ಬರೀ ರೋಗಿಯಾದವನು ಸೂಜಿ ಪಾತ್ರೆಯನ್ನು ಯಾಕೆ ನೋಡುತ್ತಾನೆ?

ನಶೆಯ ಸೂಜಿ ಚುಚ್ಚಿಕೊಳ್ಳುವವರನ್ನು ಕಂಡರೆ ಸುಭದ್ರಾಬಾಯಿಯ ಬಾಯಿ ಆಳಂದದ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. "ಮೊದಲ ಬಿಟ್ಟು ಬಾ, ಆಮ್ಯಾಲ ಗಾಯ ನೋಡ್ತೇನಿ" ಎಂದು ಅವಳು ಅಟ್ಟಿದವರು ತಿರುಗಿ ಬಂದದ್ದಿಲ್ಲ. ತೊಂಬತ್ತಾರರ ಬೇಸಿಗೆಯಲ್ಲಿ ಅವಳನ್ನು ಮೂರು ದಿನದ ತರಬೇತಿಗೆ ಗುಲಬರ್ಗಾಕ್ಕೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ಹೇಳಿದ್ದು ಕೇಳಲು ಸುಲಭ, ಮಾಡಲು ಕಷ್ಟ. ಬೈಯಬೇಡಿ. ಹೆಸರು, ಊರು ಕೇಳಬೇಡಿ. ಒಬ್ಬರ ಸೂಜಿ ಇನ್ನೊಬ್ಬರಿಗೆ ಹೋಗದಂತೆ ಹೊಸದು ಕೊಡಿ. ಚಟ ಬಿಡುವ ದಿನ ಬರುವವರೆಗೆ ಅವರು ಜೀವದಿಂದ ಇರಬೇಕಲ್ಲ!

ಸುಭದ್ರಾಬಾಯಿ ಹಿಂದಿನ ಸಾಲಿನಲ್ಲಿ ಕೂತು ತೂಕಡಿಸಿದ್ದಳು.

ಆ ನಿದ್ದೆ ಬಿಡಿಸಿದವನು ಕಂಪೌಂಡರ್ ಖಾದರಸಾಬ. ಅಫಜಲಪುರದಿಂದ ವರ್ಗವಾಗಿ ಬಂದು ಅವನಿಗೆ ಇನ್ನೂ ಆರು ತಿಂಗಳಾಗಿರಲಿಲ್ಲ. ಟಪಾಲು ಕೊಡಲು ಗುಲಬರ್ಗಾಕ್ಕೆ ಹೋಗಿ ಬಂದವನೇ ಅವಳ ಕಿವಿಯಲ್ಲಿ ಉಸುರಿದ.

"ಅಕ್ಕಾರ, ಯಾರಿಗೂ ಹೇಳಬ್ಯಾಡ್ರಿ. ಹದಿನೈದು ದಿನದಾಗ ಒಬ್ಬವ ಪೇಷಂಟಿನ ವೇಷದಾಗ ಬರ್ತಾನಂತ. ಬೈದವರಿಗೆ ಜೇವರ್ಗಿ ಕಡಿ ಬದಲಿ ಅಂತ!"

"ಅಯ್ಯ ಶಿವನ! ನನ್ನ ರಿಟೈರಿಗೆ ಒಂದ ವರ್ಷ ಉಳದದ. ಹೊಸ ಮನಿ ಗ್ವಾಡಿಗೆ ಈಗ ಸಿಮೆಂಟಿನ ಗಿಲಾವ್ ಮಾಡಿಸಾಕತ್ತೇನಿ!"

"ಅದಕ್ಕ ಹೇಳಾಕತ್ತೇನ್ರಿ. ಬಾಯಿ ಸಂಭಾಳಸ್ರಿ."

ಹಾಗೆ ಹೇಳಿ ಎರಡೇ ದಿನಕ್ಕೆ ಈ ಮನುಷ್ಯ ಬೆಂಚಿಗೆ ಬಂದು ಕೂತಿದ್ದ.

"ಬರ್ರಿ, ಹಿಂಗ ಕುರ್ಚಿ ಮ್ಯಾಲ ಕುಂದರ್ರಿ," ಎಂದಳು.

ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದಳೆಂಬಂತೆ. ಎಂಥ ನಟನೆ!

ಚಿಂದಿ ಬಿಚ್ಚಿದರೆ ಕೀವು ತುಂಬಿದ ಗಾಯ. ಸುಭದ್ರಾಬಾಯಿ ದಂಗಾದಳು. ಪರೀಕ್ಷೆಗೆಂದು ಖರೇ ಗಾಯದವನನ್ನೇ ಹುಡುಕಿ ಕಳಿಸಿದೆಯಲ್ಲ, ಸರಕಾರ ಸಾಮಾನ್ಯದಲ್ಲ!

"ಪೊಲೀಸರಿಗೆ ಹೇಳ್ತೀರೇನ್ರಿ?" ಅವನು ಮೆಲ್ಲಗೆ ಕೇಳಿದ. ಮೊದಲನೆಯ ಪ್ರಶ್ನೆ.

"ಗಾಯ ತೊಳಿಯೋದು ನನ್ನ ಕೆಲಸ್ರಿ. ಚಾಡಿ ಹೇಳೋದಲ್ಲ."

"ಚಟ ಬಿಡು ಅಂತ ಅನ್ನಂಗಿಲ್ಲೇನ್ರಿ?"

ಇದು ಕಠಿಣ ಪ್ರಶ್ನೆ. ನಾಲಗೆಯ ತುದಿಗೆ ಬಂದ ಇಪ್ಪತ್ತು ವರ್ಷಗಳ ಬೈಗುಳವನ್ನು ಸುಭದ್ರಾಬಾಯಿ ಉಗುಳಿನ ಜೊತೆ ನುಂಗಿದಳು. "ನಿಮಗ ಬಿಡಬೇಕು ಅನಿಸಿದ ದಿನ ಹೇಳ್ರಿ, ದಾರಿ ತೋರಸ್ತೇನಿ. ಅಲ್ಲೀತನ ಈ ಹೊಸಾ ಸೂಜಿ ಇಟಗೋರಿ. ಯಾರಿಗೂ ಕೊಡಬ್ಯಾಡ್ರಿ, ಯಾರದೂ ತಗೋಬ್ಯಾಡ್ರಿ."

ಅವನ ಕಣ್ಣು ತುಂಬಿ ಬಂತು. ಪೂರ್ತಿ ಮಾರ್ಕ್ಸು, ಎಂದುಕೊಂಡಳು.

ದಿನ ಬಿಟ್ಟು ದಿನ ಅವನು ಬಂದ. ಅವನು ಬಂದಾಗಲೆಲ್ಲ ಖಾದರಸಾಬನಿಗೆ ಔಷಧ ಕೋಣೆಯಲ್ಲೇ ಕೆಲಸ. ಬೇವಿನ ಗಿಡದ ಕೆಳಗೆ ಎಲ್ಲರ ಜೊತೆ ಬುತ್ತಿ ಬಿಚ್ಚುತ್ತಿದ್ದವನು ಈಗ ಬಾಗಿಲು ಮುಚ್ಚಿಕೊಂಡು ಒಳಗೇ ಉಣ್ಣುತ್ತಿದ್ದ. ಪಾಪ, ಅವನಿಗೂ ಪರೀಕ್ಷಕನ ಹೆದರಿಕೆ.

ನಾಲ್ಕನೆಯ ಸಲ ಆ ಮನುಷ್ಯ ಇನ್ನಿಬ್ಬರನ್ನು ಕರೆತಂದ. "ನಮ್ಮ ದೋಸ್ತರಿಗೂ ನೋಡ್ತೀರೇನ್ರಿ?"

ಒಬ್ಬನಿದ್ದ ಪರೀಕ್ಷಕ ಮೂವರಾದರು! ಸುಭದ್ರಾಬಾಯಿ ಮೂವರಿಗೂ ಚಹಾ ತರಿಸಿದಳು.

ಹದಿನೈದನೆಯ ದಿನ ಗಾಯ ಮಾಯ್ದು ಹೊಸ ಚರ್ಮ ಕೂಡಿತ್ತು. ಅವನು ಎದ್ದು ನಿಂತು, ತಲೆ ಕೆರೆದುಕೊಂಡು, "ಅಕ್ಕಾರ, ಬಿಡೋ ದಾರಿ ಅಂದಿದ್ರಲ್ಲ... ಅದು ಎಲ್ಲದರಿ?" ಎಂದ.

ಕೊನೆಯ ಪ್ರಶ್ನೆ! ಸುಭದ್ರಾಬಾಯಿ ಗುಲಬರ್ಗಾದ ಡಾಕ್ಟರಮ್ಮನಿಗೆ ಚೀಟಿ ಬರೆದು ಅವನ ಕೈಗಿಟ್ಟಳು. ಇನ್ನು ತಡೆಯಲಾಗಲಿಲ್ಲ.

"ಈಗರೆ ಹೇಳ್ರಿ ಸಾಹೇಬ್ರ, ನಾ ಪಾಸೋ, ಫೇಲೋ?"

ಅವನು ಕಣ್ಣು ಕಣ್ಣು ಬಿಟ್ಟ. "ನಾ ಎಲ್ಲಿ ಸಾಹೇಬ್ರಿ? ಸೊಲ್ಲಾಪುರಕ್ಕ ಲಾರಿ ನಡಸಾಂವ. ನೀವು ಬೈತೀರಂತ ಹೆದರಿ, ತೋಳು ಕೊಳಿತಿದ್ರೂ ಮನ್ಯಾಗ ಕುಂತಿದ್ದೆ. 'ಹದಿನೈದು ದಿನ ಅಕ್ಕಾರ ಬಾಯಿಗೆ ಕೀಲಿ ಹಾಕೇನಿ, ಈಗ ಹೋಗು' ಅಂತ ನಮ್ಮಣ್ಣ ಕಳಸಿದ."

ಸುಭದ್ರಾಬಾಯಿ ಔಷಧ ಕೋಣೆಯ ಬಾಗಿಲು ದೂಡಿದಳು. "ಪಾಸ್ರೀ ಅಕ್ಕಾರ," ಎಂದು ಖಾದರಸಾಬ ರೊಟ್ಟಿಯನ್ನು ಮುಂದೆ ಚಾಚಿದ. ಅವನ ಬುತ್ತಿ ಕಟ್ಟಿದ್ದ ಹಸಿರು ಚೌಕಡಿ ಬಟ್ಟೆಯ ಒಂದು ಅಂಚು, ಒಂದು ತೋಳಿಗೆ ಸುತ್ತುವಷ್ಟೇ, ಹರಿದಿತ್ತು.