ಒಂದು ಸ್ವರಕ್ಕೆ ಎರಡು ಚುಕ್ಕೆ

"ಟೀಚರ್, ಇನ್ನೊಮ್ಮೆ 'ಪ' ಒತ್ತಿ. ಒಂದೇ ಸಲ," ಎಂದ ನಿಝಾರ್.

ಸರಸ ಟೀಚರ್ ಒತ್ತಿದರು. ಕಂಪ್ಯೂಟರಿನ ಪರದೆಯಲ್ಲಿ, ಐದು ಗೆರೆಗಳ ನಡುವೆ ಒಂದು ಚುಕ್ಕೆ ಬಂದು ಕೂತಿತು. ಅದರ ಬೆನ್ನಿಗೇ, ಕರೆಯದೆ ಬಂದ ನೆಂಟನ ಹಾಗೆ, ಇನ್ನೊಂದು.

ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ, ಪುಂಜಾಲಕಟ್ಟೆಯಿಂದ ಎರಡು ಬಸ್ಸು ಬದಲಿಸಿ ಮೂಡುಬಿದಿರೆಗೆ ಬಂದು, ಫ್ಯಾನ್ಸಿ ಅಂಗಡಿಯ ಮೇಲಿನ ನಿಝಾರ್‌ನ ಈ ಕೋಣೆಗೆ ಹತ್ತುವಷ್ಟರಲ್ಲೇ ಟೀಚರಿಗೆ ಸಾಕೋ ಸಾಕಾಗಿತ್ತು. ಶಾಲೆಯ ಬೆಳ್ಳಿಹಬ್ಬಕ್ಕೆ ಅವರು ರಾಗ ಹಾಕಿದ ಹನ್ನೆರಡು ಹಾಡುಗಳು ಪುಸ್ತಕವಾಗಬೇಕು. ಹೊಸ ಬ್ಯಾಂಡಿನ ಮಕ್ಕಳು ನೋಡಿ ಬಾರಿಸಬೇಕಾದ್ದರಿಂದ ಐದು ಗೆರೆಯ ನೊಟೇಶನ್ನೇ ಬೇಕಂತೆ. ನಿಝಾರ್ ತನ್ನ ಅಣ್ಣ ದುಬೈಯಿಂದ ತಂದ ಸಂಗೀತದ ಕೀಬೋರ್ಡಿನ ವಯರನ್ನು ಕಂಪ್ಯೂಟರಿಗೆ ಚುಚ್ಚಿದ್ದ. ಟಿಕ್ ಟಿಕ್ ಎಂದು ಅದು ತಾಳ ಹಾಕುತ್ತದೆ, ನಾವು ಬಾರಿಸಬೇಕು, ಬಾರಿಸಿದ್ದನ್ನೆಲ್ಲ ಅದೇ ಬರೆದುಕೊಳ್ಳುತ್ತದೆ. ಯಾರು ಕಂಡಿದ್ದರು ಇಂಥ ಗುಮಾಸ್ತನನ್ನು! ಹೇಳಿದ್ದನ್ನೂ ಬಿಡುವುದಿಲ್ಲ, ಹೇಳದ್ದನ್ನೂ ಬಿಡುವುದಿಲ್ಲ.

"ಎಲ್ಲ ಸ್ವರವನ್ನೂ ಎರಡೆರಡು ಬರೀತಾ ಉಂಟಲ್ಲ!" ನಿಝಾರ್ ತಲೆ ಕೆರೆದುಕೊಂಡ. "ಮೊನ್ನೆ ಚರ್ಚಿನವರದ್ದು ಇಪ್ಪತ್ತು ಹಾಡು ಬರೆಸಿದೆ ಟೀಚರ್, ಸರಿಯೇ ಇತ್ತು. ಇವತ್ತು ಎಂಥ ಆಯಿತು ಇದಕ್ಕೆ?"

ಇದಕ್ಕೆ ಏನೂ ಆಗಿಲ್ಲವೆಂದು ಟೀಚರಿಗೆ ಗೊತ್ತಿತ್ತು. ಕಳೆದ ಮಳೆಗಾಲದಿಂದ ಬಲಗೈ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ, ಒಮ್ಮೆ ಒತ್ತಿದರೆ ಎರಡು ಸಲ ತಾಗುತ್ತಿದ್ದವು. ಶಾಲೆಯಲ್ಲಿ ಹಾರ್ಮೋನಿಯಂ ಜೊತೆ ಅರುವತ್ತು ಮಕ್ಕಳು ಗಂಟಲು ಹರಿದುಕೊಳ್ಳುವಾಗ ಯಾರಿಗೆ ಕೇಳಿಸಬೇಕು? ಸ್ಟಾಫ್ ರೂಮಿನಲ್ಲಿ ಲೋಟ ಅಲುಗಬಾರದೆಂದು ಚಹಾ ಕುಡಿಯುವುದನ್ನೇ ಬಿಟ್ಟು, ಗ್ಯಾಸ್ಟ್ರಿಕ್ ಎಂದು ಸುಳ್ಳು ಹೇಳಿದ್ದರು. "ನಿಮ್ಮ ಬೆರಳು ಆಡುವವರೆಗೆ ಸಂಗೀತದ ಪಿರಿಯಡ್ ನಿಮ್ಮದೇ ಟೀಚರ್" ಎಂದಿದ್ದರು ಶಾಲೆಯ ಸಂಚಾಲಕರು, ಟೀಚರಿಗೆ ಅರುವತ್ತು ತುಂಬಿದ ದಿನ. ಆ ಪಿರಿಯಡ್ ಇಲ್ಲದ ಬೆಳಗನ್ನು ನೆನೆಸಿಕೊಂಡರೇ ಟೀಚರಿಗೆ ಹೆದರಿಕೆಯಾಗುತ್ತಿತ್ತು. ಅದೇ ಸಂಚಾಲಕರ ಜೊತೆ ದಿನಾ ಸಂಜೆ ಕೂತು ಪುಸ್ತಕದ ಕೆಲಸ ನೋಡುವವನು ಈ ನಿಝಾರ್.

"ಸ್ವಲ್ಪ ನೀರು ಕುಡಿದು ಬರ್ತೇನೆ ಮಾರಾಯ," ಎಂದು ಎದ್ದರು.

ಹೊರಗಿನ ಜಗಲಿಯಲ್ಲಿ ಹೂಜಿ ಇತ್ತು. ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯುತ್ತಿದ್ದಾಗ ಒಳಗಿನಿಂದ ಕೇಳಿಸಿತು. ಪ. ದ. ಸ. ಒಂದೊಂದು ಸ್ವರವೂ ಒಂದೊಂದೇ, ಗಂಟೆ ಹೊಡೆದಷ್ಟು ಚೊಕ್ಕ. ಮುಗಿಯಿತು, ಹುಡುಗನಿಗೆ ತಿಳಿಯಿತು, ಎಂದುಕೊಂಡರು ಟೀಚರ್. ಬಸ್ಸು ಹತ್ತಿ ಮನೆಗೆ ಹೋಗಿಬಿಡೋಣ ಎನ್ನಿಸಿತು. ಆದರೆ ಚೀಲ ಒಳಗಿತ್ತು.

ಒಳಗೆ ಬಂದಾಗ ನಿಝಾರ್ ಅವರ ಮುಖ ನೋಡಲಿಲ್ಲ. "ಕೀಬೋರ್ಡಿನದ್ದೇ ತೊಂದರೆ ಟೀಚರ್. ಹಳತಾಯಿತಲ್ಲ, ಒಳಗಿನ ಸ್ಪ್ರಿಂಗ್ ಹೋಗಿದೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಹೇಳಿ ಟೀಚರ್ ಎಷ್ಟು ಮಕ್ಕಳ ಕಿವಿ ಹಿಂಡಿದ್ದರೋ! ಈಗ ಅವರು ಬಾಯಿ ಬಿಡುವ ಮೊದಲೇ ಪಕ್ಕದವನೇ ನೆಲ ಡೊಂಕು ಎನ್ನುತ್ತಿದ್ದಾನೆ. ಹೌದು ಎಂದರೆ ಮುಗಿಯಿತು. ಹೌದು ಎನ್ನಲು ಮನಸ್ಸೂ ಇತ್ತು, ಆದರೆ ಬಾಯಿಗೆ ಬಂದದ್ದು ಬೇರೆ.

"ಹಾಗಾದರೆ ನೀನು ಒತ್ತು, ನೋಡುವ."

ನಿಝಾರ್ ಕೀಬೋರ್ಡಿನತ್ತ ಬಗ್ಗಿದ. ಆಮೇಲೆ ತೋರುಬೆರಳಲ್ಲಿ ಒತ್ತಿದ. ಪರದೆಯಲ್ಲಿ ಎರಡು ಚುಕ್ಕೆ.

"ನೋಡಿ! ನನಗೂ ಹಾಗೇ ಆಗ್ತದೆ," ಎಂದ, ಬೇಕಾದದ್ದಕ್ಕಿಂತ ಜೋರಾಗಿ. ಮತ್ತೆ ಒತ್ತಿದ, ಎರಡು. ಮತ್ತೆ, ಎರಡು. ಗೆರೆಯ ತುದಿಯವರೆಗೂ ಒತ್ತಿದ.

ಟೀಚರ್ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿದರು. ಮೇಲಿನ ಸಾಲು ಅವರದು. ಕೆಲವು ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಕೆಲವು ದೂರ ಬಿದ್ದಿದ್ದವು. ಕೆಳಗಿನದು ನಿಝಾರ್‌ನದು. ಅಸೆಂಬ್ಲಿಗೆ ನಿಂತ ಮಕ್ಕಳ ಹಾಗೆ ಜೋಡಿ ಜೋಡಿಯಾಗಿ, ಒಂದೇ ಅಂತರದಲ್ಲಿ ನಿಂತಿದ್ದವು. ಐದನೇ ಕ್ಲಾಸಿನಲ್ಲಿ ಬೆಂಚು ಬಡಿದು ಬಡಿದು ತಲೆ ತಿನ್ನುತ್ತಿದ್ದ ಇವನನ್ನು ಎಳೆದುಕೊಂಡು ಬಂದು ಹಾರ್ಮೋನಿಯಂ ಪಕ್ಕದಲ್ಲಿ ಕೂರಿಸಿ, ಕೈಗೆ ಢೋಲಕ್ ಕೊಟ್ಟವರು ಅವರೇ. ಟೀಚರಿಗೆ ಸಂಕಟವಾಯಿತು. ಹುಡುಗನ ಮೇಲೆ ಪ್ರೀತಿಯೂ ಉಕ್ಕಿತು.

"ನೀನೇ ಕೂತು ಬಾರಿಸು ನಿಝಾರ್. ನಾನು ಹಾಡ್ತೇನೆ. ಹನ್ನೆರಡೂ ಇವತ್ತೇ ಮುಗಿಸುವ," ಎಂದು ಕುರ್ಚಿಯನ್ನು ಅವನತ್ತ ತಳ್ಳಿದರು. "ಸೋಮವಾರ ಸಂಚಾಲಕರ ಹತ್ತಿರ ನಾನೇ ಮಾತಾಡ್ತೇನೆ."

"ಎಂಥದ್ದು ಮಾತಾಡ್ಲಿಕ್ಕೆ ಟೀಚರ್? ಕೀಬೋರ್ಡು ಹಾಳಾದದ್ದಕ್ಕೆ ನೀವು..."

"ಸುಮ್ಮನಿರು ಮಾರಾಯ," ಎಂದರು ಟೀಚರ್, ಅವನ ಹೆಗಲಿಗೆ ಕೈಯಿಟ್ಟು. ಹೆಗಲ ಮೇಲೂ ಆ ಕೈ ಸುಮ್ಮನಿರಲಿಲ್ಲ. "ನಿನ್ನ ನಡುಕಕ್ಕೆ ತಾಳ ಉಂಟು. ನನ್ನದಕ್ಕೆ ಇಲ್ಲ."