ಇಳಿಸದ ಹೊರೆ

"ಏಯ್ ಮುದುಕ, ನಿನ್ನ ಒಂಟೆಗಳನ್ನ ಬಾವಿಯಿಂದ ಆಚೆ ಎಳ್ಕೋ. ಈ ನೀರು ನನ್ನ ಕಾರಿಗೆ."

"ಕಾರು ಕುಡಿದು ಮಿಕ್ಕಿದ್ದು ಒಂಟೆಗೆ. ಆಗ್ಲಿ ಸ್ವಾಮಿ," ಎಂದ ನೂರ್‌ಬೆರ್ದಿ. ಎಂಟು ದಿನ ಕರಕುಮ್ ಮರುಭೂಮಿಯ ಮರಳಲ್ಲಿ ನಡೆದಿದ್ದ. ಬಿರುಗಾಳಿಗೆ ಸಿಕ್ಕಿ ಅರ್ಧ ದಿನ ತಡವಾಗಿತ್ತು. "ಹೊರೆ ಇಳಿಸ್ಲಾ?"

ಕಾರಿನ ಚಾಲಕ ಜಖಾರ್ ಮೂಗು ಮುಚ್ಚಿಕೊಂಡ. "ಬೇಡ. ಆ ನಾತ ಇಲ್ಲಿ ಹರಡಬೇಡ."

ಮರಳುಗಾಡು ದಾಟುವ ಐದು ಕಾರುಗಳ ಓಟದಲ್ಲಿ ಮುಂದಿದ್ದದ್ದು ಜಖಾರನ ಕಾರು. ಉಳಿದ ನಾಲ್ಕು ಹಿಂದೆಲ್ಲೋ ಮರಳಲ್ಲಿ ಹೂತಿದ್ದವು. ಶುಕ್ರವಾರದೊಳಗೆ ಒಂದಾದರೂ ಗಂಧಕದ ಗಣಿ ಮುಟ್ಟಿದರೆ ಗಣಿಯ ಸಾಗಾಟವೆಲ್ಲ ಲಾರಿಗಳಿಗೆ. ಮುಟ್ಟದಿದ್ದರೆ ಎಂದಿನಂತೆ ಒಂಟೆಗಳಿಗೆ. ನೂರ್‌ಬೆರ್ದಿಯ ಮನೆಯಲ್ಲಿ ಉಣ್ಣುವ ಬಾಯಿ ಹನ್ನೊಂದು. ಇವತ್ತು ಬುಧವಾರ, ಇದು ಕೊನೆಯ ಬಾವಿ.

ಅವನು ಒಂಟೆಗಳಿಂದ ನೂರು ಹೆಜ್ಜೆ ದೂರ ಹೋಗಿ ಚಹಾಕ್ಕೆ ಬೆಂಕಿ ಹಾಕಿದ. ಮೆಕ್ಯಾನಿಕ್ ತೀಖೋನ್ ನಕ್ಕ. "ಒಂಟೆಗೆ ಹೊಗೆ ಆಗಲ್ವೇನಜ್ಜ?"

"ಬೆಂಕಿ ದೂರ ಇದ್ರೇನೇ ಒಳ್ಳೇದು, ತಮ್ಮಾ."

ಮೊದಲ ಬಟ್ಟಲು ಜಖಾರನ ಮುಂದೆ ಹಿಡಿದ. "ಹೊರೆ ಇಳಿಸ್ಲಾ?"

ಜಖಾರ್ ಚಹಾವನ್ನು ಮರಳಿಗೆ ಚೆಲ್ಲಿದ. "ಕಿವಿ ಕೇಳಲ್ವಾ? ಪೆಟ್ರೋಲ್ ಲಾರಿ ಸಂಜೆಗೆ ಬರುತ್ತೆ. ಅದಕ್ಕೆ ಜಾಗ ಬೇಕು. ನಾಳಿದ್ದು ನಾನು ಗಣೀಲಿರ್ತೀನಿ. ಆಮೇಲೆ ಈ ಗೂನು ಪ್ರಾಣಿಗಳನ್ನ ಕೊಯ್ದು ತಿನ್ನು."

ನೂರ್‌ಬೆರ್ದಿ ಚೆಲ್ಲಿದ ಚಹಾ ನೋಡಿದ. ಕೊಯ್ದು ತಿನ್ನಬೇಕಂತೆ. ಮರಳುಗಾಡಿನ ಪದ್ಧತಿ ಅವನ ಅಜ್ಜನಿಗಿಂತ ಹಳೆಯದು: ಬಾವಿಯ ಬಳಿ ಮೊದಲು ಬಂದು ಇಳಿದವನನ್ನು ಕೇಳದೆ ಹೊರೆ ಇಳಿಸುವಂತಿಲ್ಲ. ಮೂರು ಸಲ ಕೇಳಬೇಕು. ಮೂರನೆಯ ಸಲವೂ ಬೇಡವೆಂದರೆ ಹೊರಡಬೇಕು. ಆಮೇಲೆ ಕೂಗಿ ಕರೆದರೂ ತಿರುಗುವಂತಿಲ್ಲ.

ಹೊರೆಯನ್ನು ಬಾವಿಗಳಿಗೆ ಮುಟ್ಟಿಸುತ್ತೇನೆಂದು ಅವನು ಊರಿನ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ ಬಂದಿದ್ದ. ಮಾತಿಗೆ ತಪ್ಪುವ ಮನುಷ್ಯನಲ್ಲ. ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಕೇಳಿದ.

"ಸ್ವಾಮಿ, ಕೊನೇ ಸಲ ಕೇಳ್ತಿದೀನಿ. ಈ ಹೊರೆ ನಿಮಗೆ ಬೇಡ್ವಾ?"

"ನಿನ್ನ ಹೊರೆ ನೀನೇ ಹೊತ್ಕೊಂಡು ಹಾಳಾಗಿ ಹೋಗು."

"ಕೇಳಿಸ್ತೇನಪ್ಪಾ ತೀಖೋನ್? ನೀನೇ ಸಾಕ್ಷಿ."

"ಕೇಳಿಸ್ತು ಹೋಗಜ್ಜ," ಎಂದು ತೀಖೋನ್ ಕೈಬೀಸಿದ.

ನೂರ್‌ಬೆರ್ದಿ ಬೆಂಕಿಗೆ ಮರಳು ಮುಚ್ಚಿ, ಮುಂದಿನ ಒಂಟೆಯ ಹಗ್ಗ ಹಿಡಿದು ನಡೆದ. ಹಿಂದೆ ನಗು ಕೇಳಿಸಿತು. ಅವನು ತಿರುಗಲಿಲ್ಲ.

ದಿಬ್ಬದಾಚೆ ಗಾಳಿಗೆ ಒಂಟೆಯ ಮೇಲಿನ ಕಂಬಳಿ ಸರಿಯಿತು. ಅಡಿಯಲ್ಲಿ ಪೆಟ್ರೋಲ್ ಡಬ್ಬಗಳು, ಹಿಂದಿನ ಮೂರು ಬಾವಿಗಳಲ್ಲಿ ಜಖಾರ್ ಬರುವ ಮೊದಲೇ ನೂರ್‌ಬೆರ್ದಿ ಇಳಿಸಿಟ್ಟು ಹೋಗಿದ್ದಂಥವೇ; ಅವನ್ನು ತಂದದ್ದು ಲಾರಿಯೆಂದೇ ಜಖಾರ್ ನಂಬಿದ್ದ.