ಯೂರೋಪಿಗೆ ಒಂದೇ ಪೆಟ್ಟಿಗೆ

ಮೇಸ್ತ್ರಿ ಹೆಂಡತಿಯ ಸ್ವೆಟರನ್ನು ಮತ್ತೆ ಪೆಟ್ಟಿಗೆಯಿಂದ ತೆಗೆದು ಮಂಚದ ಮೇಲೆ ಎಸೆದ. ಅವಳು ಮತ್ತೆ ಅದನ್ನು ಮಡಿಸಿ ಒಳಗಿಟ್ಟಳು.

"ಯೂರೋಪಿಗೆ ಹೋಗ್ತಿರೋದು ಕಣ್ರೀ, ಪಕ್ಕದ ಬೀದಿಗಲ್ಲ."

"ಟೂರಿನ ಗೈಡು ಫೋನಲ್ಲಿ ಏನಂದ್ಳು? ಹಳೇ ಹೋಟೆಲುಗಳು, ಲಿಫ್ಟ್ ಇಲ್ಲ, ಅವರವರ ಪೆಟ್ಟಿಗೆ ಅವರವರೇ ಹೊರಬೇಕು ಅಂದ್ಳೋ ಇಲ್ವೋ?"

"ಊರವರ ಬೀರು, ಮಂಚ, ಫ್ರಿಜ್ಜು ಎಲ್ಲಾ ಹೊತ್ತ ಗಂಡನ್ನ ಕಟ್ಕೊಂಡು ನಾನು ಒಂದು ಸ್ವೆಟರಿಗೆ ಹೆದರ್ಬೇಕಾ?"

ಅವನು ಮನೆ ಸಾಮಾನು ಸಾಗಿಸುವ ತಂಡದ ಮೇಸ್ತ್ರಿ. ಇನ್ನು ಮೇಲೆ ಭಾರ ಎತ್ತಕೂಡದು, ಮೆಟ್ಟಿಲ ಮೇಲಂತೂ ಬೇಡವೇ ಬೇಡ ಎಂದು ಹೃದಯದ ಡಾಕ್ಟರು ಹೋದ ತಿಂಗಳು ಖಡಾಖಂಡಿತವಾಗಿ ಹೇಳಿದ್ದರು. ಆ ಮಾತನ್ನು ಅವನು ಮನೆಯವರೆಗೆ ತಂದಿರಲಿಲ್ಲ. ತಂದಿದ್ದರೆ ಅವಳು ನಿಂತ ಕಾಲಲ್ಲೇ ಪ್ರವಾಸ ರದ್ದು ಮಾಡಿಸುತ್ತಿದ್ದಳು. ಹಿಮ ನೋಡಬೇಕು, ಹಿಮ ನೋಡಬೇಕು ಎಂದು ಮದುವೆಯಾದಂದಿನಿಂದ ಜಪ ಮಾಡಿದವಳು ಅವಳು. ಕಂಡವರನ್ನೆಲ್ಲ ಮನೆಯಿಂದ ಮನೆಗೆ ಸಾಗಿಸಿದವನು ಹೆಂಡತಿಯನ್ನು ಮಾತ್ರ ಎಲ್ಲಿಗೂ ಕರೆದೊಯ್ದಿರಲಿಲ್ಲ. ಆ ನಾಚಿಕೆ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ತನ್ನ ಪೆಟ್ಟಿಗೆಯಿಂದ ಟವೆಲು ತೆಗೆದ, ಚಪ್ಪಲಿ ತೆಗೆದ, ಕೊನೆಗೆ ಟೂತ್‌ಪೇಸ್ಟಿನ ಅರ್ಧವನ್ನು ಬಚ್ಚಲಿಗೆ ಹಿಂಡಿ ಬಂದ. ಅಷ್ಟರಲ್ಲಿ ಅವಳು ಅವನ ಅಳಿದುಳಿದ ಬಟ್ಟೆಯನ್ನೆಲ್ಲ ತನ್ನ ಪೆಟ್ಟಿಗೆಗೆ ತುಂಬಿ ಜಿಪ್ ಎಳೆದಿದ್ದಳು.

"ಇನ್ನು ಒಂದೇ ಪೆಟ್ಟಿಗೆ."

"ತಲೆ ಕೆಟ್ಟಿದೆಯೇನೇ? ಕಲ್ಲಿನ ಹಾಗಾಗಿರುತ್ತೆ ಅದು!"

"ಎತ್ತಿ ನೋಡಿ ಹೇಳಿ. ಮೊದಲು ಒಂದು ಮೂಲೆ ಎತ್ತಿ ಭಾರ ನೋಡು ಅಂತ ಆಳುಗಳಿಗೆ ಕಲಿಸೋರು ನೀವೇ ಅಲ್ವಾ?"

ಅವನು ಬಗ್ಗಿದ. ಹಿಡಿಯವರೆಗೆ ಹೋದ ಕೈ ಅಲ್ಲೇ ನಿಂತಿತು. "ಬೆನ್ನು ಹಿಡ್ಕೊಂಡಿದೆ," ಎಂದ.

"ಬೆನ್ನಲ್ಲ. ನಾನು ಪೊರಕೆ ಹಿಡಿದು ಬಂದ್ರೆ ಸಾಕು, ಬೀರುನೇ ವಾಲಿಸಿ ಹಿಡೀತಿದ್ರಿ. ಈಗ ಸುತ್ತ ಗುಡಿಸಿಬಿಡು ಅಂತೀರಿ. ನಾನೇನು ಕಣ್ಣು ಮುಚ್ಕೊಂಡು ಗುಡಿಸ್ತೀನಾ? ನಿನ್ನೆ ಹೋಗಿ ಡಾಕ್ಟರನ್ನೇ ಕೇಳ್ದೆ. ಓಡಾಡ್ಲಿ, ಎತ್ತೋದು ಮಾತ್ರ ಬೇಡ ಅಂದ್ರು."

ಮೇಸ್ತ್ರಿ ಮಂಚದ ಮೇಲೆ ಕುಸಿದು ಕೂತ. "ಹಾಗಾದ್ರೆ ಟೂರು?"

"ಹೋಗ್ತಿದೀವಿ. ತಾಳಿ, ಒಂದು ಸಲ ಮೆಟ್ಟಿಲು ಇಳಿದು ಹತ್ತಿ ನೋಡ್ತೀನಿ."

ಅವಳು ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ಪೆಟ್ಟಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಎದ್ದಳು. ಎಲ್ಲಿ ಕಲಿತಳೋ. ಅವನ ಎರಡೂ ಕೈ ತಾವಾಗಿಯೇ ಮುಂದೆ ಬಂದವು. ಅವಳು ತಲೆಯಾಡಿಸಿದಳು.

"ಬೇಡ. ನೀವು ಬಾಗಿಲು ಹಿಡ್ಕೊಳ್ಳಿ."

ಆ ಮಾತು ಅವನಿಗೆ ಚುಚ್ಚಿತು. ಅವನ ತಂಡದಲ್ಲಿ ಬಾಗಿಲು ಹಿಡಿಯುವ ಕೆಲಸ ಸಿಗುತ್ತಿದ್ದದ್ದು ಕಸುವು ತೀರಿದವರಿಗೆ. ಎಷ್ಟೋ ಮಂದಿಗೆ ಆ ಮಾತನ್ನು ಅವನೇ ಹೇಳಿದ್ದ, ಹೇಳಿಸಿಕೊಂಡವರ ಮುಖ ನೋಡುವ ಗೋಜಿಗೆ ಹೋಗಿರಲಿಲ್ಲ.

ಅವನು ಎದ್ದು ಹೋಗಿ ಬಾಗಿಲನ್ನು ಪೂರ್ತಿ ತೆರೆದು, ಗೋಡೆಗೆ ಬೆನ್ನು ಹಚ್ಚಿ ಹಿಡಿದು ನಿಂತ. ಪೆಟ್ಟಿಗೆ ಚೌಕಟ್ಟಿಗೆ ತಾಗುವುದರಲ್ಲಿತ್ತು.

"ಸ್ವಲ್ಪ ಎಡಕ್ಕೆ," ಎಂದ, "ಸ್ವಲ್ಪ ಎಡಕ್ಕೆ, ಮೇಸ್ತ್ರಿ."